ತಪ್ಪು ಒಬ್ಬರದೋ, ಪಕ್ಷದ್ದೋ?



ಒಬ್ಬ ಶಾಸಕರೋ ಸಚಿವರೋ ಹೆಂಗಸರ ವಿಷಯದಲ್ಲಿ ಕೆಟ್ಟದಾಗಿ ನಡೆದುಕೊಂಡರು ಅಂತ ಟಿ.ವಿ.ಯಲ್ಲಿ ಬರುತ್ತದೆ. ಆಗ ಅರಳಿಕಟ್ಟೆಯ ಮೇಲೆ ಎರಡು ಥರದ ಮಾತು ಕೇಳುತ್ತೇವೆ. ‘ಆ ಪಕ್ಷದವರೆಲ್ಲ ಹಂಗೇ ಬಿಡಿ’ ಅಂತಾರೆ ಒಬ್ಬರು. ‘ಅದು ಅವರ ಸ್ವಂತ ವಿಷಯ, ಪಕ್ಷಕ್ಕೂ ಅದಕ್ಕೂ ಏನು ಸಂಬಂಧ?’ ಅಂತಾರೆ ಇನ್ನೊಬ್ಬರು. ಯಾವ ಮಾತು ಸರಿ? ವೋಟು ಹಾಕುವವರು ನಾವು. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ನಮ್ಮ ಹಾಲಿನ ಡೈರಿಗೆ ಬನ್ನಿ. ಊರಿನ ನೂರು ಮನೆಯವರು ಹಾಲು ಹಾಕುತ್ತಾರೆ. ಅದರಲ್ಲಿ ಒಬ್ಬರು ನೀರು ಬೆರೆಸುತ್ತಾರೆ. ಹಾಗಂತ ನೂರು ಮನೆಯವರೂ ಕಳ್ಳರೇ? ಅಲ್ಲ. ನೀರು ಬೆರೆಸಿದವರು ಒಬ್ಬರೇ.

ಆದರೆ ಡೈರಿಯಲ್ಲಿ ಕಾರ್ಯದರ್ಶಿ ಇದ್ದಾರಲ್ಲ, ಅವರು ಡಿಗ್ರಿ ನೋಡುತ್ತಾರೆ. ಡಿಗ್ರಿ ಬರದಿದ್ದರೆ ಹಾಲು ವಾಪಸ್ ಕಳಿಸಬೇಕು. ಹಾಗೆ ಕಳಿಸಿದರೆ ತಪ್ಪು ಆ ಒಬ್ಬರದೇ. ಕಾರ್ಯದರ್ಶಿ ನೋಡಿಯೂ ನೋಡದವರ ಹಾಗೆ ಕ್ಯಾನಿಗೆ ಸುರಿಸಿಕೊಂಡರೆ? ‘ದಿನಾ ಜಾಸ್ತಿ ಹಾಲು ಹಾಕುವವರು, ಅವರನ್ನು ಕಳೆದುಕೊಳ್ಳುವುದು ಬೇಡ’ ಅಂತ ಸುಮ್ಮನಾದರೆ? ಆಗ ಅದು ಡೈರಿಯ ತಪ್ಪು. ನೀರು ಹಾಕದ ತೊಂಬತ್ತೊಂಬತ್ತು ಮನೆಯವರ ಹಾಲಿಗೂ ಕೆಟ್ಟ ಹೆಸರು ಬರುತ್ತದೆ.

ಪಕ್ಷವೂ ಹೀಗೆಯೇ. ಲಕ್ಷಾಂತರ ಜನ ಒಂದು ಪಕ್ಷದಲ್ಲಿ ಇರುತ್ತಾರೆ. ಬಾವುಟ ಕಟ್ಟುವ ಹುಡುಗರು, ಮನೆಮನೆಗೆ ಚೀಟಿ ಹಂಚುವ ಹೆಂಗಸರು ಎಲ್ಲ ಸೇರಿಯೇ ಪಕ್ಷ. ದೊಡ್ಡವರೊಬ್ಬರು ಮಾಡಿದ ತಪ್ಪನ್ನು ಇವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಚುನಾವಣೆಗೆ ನಿಲ್ಲುವವರಿಗೆ ಬಿ ಫಾರಂ ಅಂತ ಒಂದು ಕಾಗದ ಕೊಡುತ್ತಾರೆ. ‘ಇವರು ನಮ್ಮ ಅಭ್ಯರ್ಥಿ, ನಮ್ಮ ಚಿಹ್ನೆ ಇವರಿಗೆ ಕೊಡಿ’ ಎಂದು ಪಕ್ಷದ ಪರವಾಗಿ ರುಜು ಹಾಕಿ ಕೊಡುವ ಕಾಗದ ಅದು. ಸಚಿವ ಪದವಿ ಯಾರಿಗೆ ಅನ್ನುವುದನ್ನೂ ಪಕ್ಷದ ಹಿರಿಯರೇ ಕೂತು ತೀರ್ಮಾನ ಮಾಡುತ್ತಾರೆ. ಡೈರಿಯಲ್ಲಿ ಡಿಗ್ರಿ ನೋಡುವವರು ಇದ್ದ ಹಾಗೆ, ಪಕ್ಷದಲ್ಲಿ ಇವರು.

ನಮ್ಮ ರಾಜ್ಯದಲ್ಲೇ ನಡೆದದ್ದನ್ನು ನೋಡಿ.

2012ರ ಫೆಬ್ರವರಿ 7. ಬೆಂಗಳೂರಿನಲ್ಲಿ ವಿಧಾನಸಭೆ ನಡೆಯುತ್ತಿತ್ತು. ಆಗ ಬಿ.ಜೆ.ಪಿ. ಸರ್ಕಾರ. ಸಹಕಾರ ಸಚಿವ ಲಕ್ಷ್ಮಣ ಸವದಿ ಅವರು ಸಭೆಯಲ್ಲಿ ಕುಳಿತೇ ಮೊಬೈಲಿನಲ್ಲಿ ಅಶ್ಲೀಲ ಚಿತ್ರ ನೋಡುತ್ತಿದ್ದುದು ಟಿ.ವಿ. ಕ್ಯಾಮೆರಾದಲ್ಲಿ ಸಿಕ್ಕಿತು. ಇನ್ನಿಬ್ಬರು ಸಚಿವರ ಹೆಸರೂ ಬಂತು. ಅವರಲ್ಲಿ ಒಬ್ಬರ ಕೈಯಲ್ಲಿ ಇದ್ದದ್ದು ಮಹಿಳಾ ಮತ್ತು ಮಕ್ಕಳ ಇಲಾಖೆ! ನಾವು ತಪ್ಪು ಮಾಡಿಲ್ಲ ಎಂದು ಅವರು ಹೇಳಿದರು. ಆದರೂ ಮರುದಿನ ಮೂವರೂ ರಾಜೀನಾಮೆ ಕೊಟ್ಟರು.

ಇಲ್ಲಿಗೆ ಕಥೆ ಮುಗಿದಿದ್ದರೆ ‘ತಪ್ಪು ಆಯಿತು, ಪಕ್ಷ ಕ್ರಮ ತೆಗೆದುಕೊಂಡಿತು’ ಅನ್ನಬಹುದಿತ್ತು. ಮುಗಿಯಲಿಲ್ಲ. 2019ರಲ್ಲಿ ಅದೇ ಪಕ್ಷ ಸವದಿಯವರನ್ನು ಉಪಮುಖ್ಯಮಂತ್ರಿ ಮಾಡಿತು. ಆಗ ಅವರು ಶಾಸಕರೂ ಆಗಿರಲಿಲ್ಲ. ಹಿಂದಿನ ವರ್ಷದ ಚುನಾವಣೆಯಲ್ಲಿ ಅಥಣಿಯಲ್ಲಿ ಸೋತಿದ್ದರು. ಸೋತವರನ್ನು ಕರೆದು ಅಷ್ಟು ದೊಡ್ಡ ಕುರ್ಚಿ ಕೊಟ್ಟದ್ದು ಪಕ್ಷದ ತೀರ್ಮಾನ. 2012ರಲ್ಲಿ ನಡೆದದ್ದು ಒಬ್ಬರ ನಡತೆ. 2019ರಲ್ಲಿ ನಡೆದದ್ದು ಹಾಗಲ್ಲ.

ಇನ್ನೂ ಕೇಳಿ. 2023ರಲ್ಲಿ ಬಿ.ಜೆ.ಪಿ. ಅವರಿಗೆ ಟಿಕೆಟ್ ಕೊಡಲಿಲ್ಲ. ಅವರು ಕಾಂಗ್ರೆಸ್ಸಿಗೆ ಹೋದರು. ಹಿಂದೆ ಅವರನ್ನು ಬೈದಿದ್ದ ಕಾಂಗ್ರೆಸ್ಸೇ ಟಿಕೆಟ್ ಕೊಟ್ಟಿತು. ಗೆದ್ದರು. ಈಗ ಹೇಳಿ, ಆ ಹಳೆಯ ವಿಷಯ ಯಾವ ಪಕ್ಷದ ಲೆಕ್ಕಕ್ಕೆ? ನನ್ನ ಕೇಳಿದರೆ, ಗೊತ್ತಿದ್ದೂ ಕರೆದು ಮಣೆ ಹಾಕಿದ ಎಲ್ಲರ ಲೆಕ್ಕಕ್ಕೂ. 2013ರಲ್ಲಿ, ಅಂದರೆ ಆ ಗಲಾಟೆ ನಡೆದ ಮರುವರ್ಷವೇ, ಅಥಣಿಯ ಜನರೂ ಅವರನ್ನು ಗೆಲ್ಲಿಸಿದ್ದರು. ಅದನ್ನೂ ಮರೆಯುವ ಹಾಗಿಲ್ಲ.

ಇನ್ನೊಂದು ಮಾತು. ಆರೋಪ ಬಂದ ಕೂಡಲೇ ಅದು ನಿಜ ಅಂತ ತೀರ್ಮಾನ ಮಾಡಬಾರದು. 2016ರಲ್ಲಿ ಕಾಂಗ್ರೆಸ್ ಸರ್ಕಾರದ ಅಬಕಾರಿ ಸಚಿವ ಎಚ್.ವೈ. ಮೇಟಿ ಅವರ ಮೇಲೆ ಆರೋಪ ಬಂತು. ಅವರು ರಾಜೀನಾಮೆ ಕೊಟ್ಟರು. ಆಮೇಲೆ ಸಿ.ಐ.ಡಿ. ತನಿಖೆಯಲ್ಲಿ ಅವರ ಮೇಲಿನ ಆರೋಪ ನಿಲ್ಲಲಿಲ್ಲ. ತನಿಖೆ ಆಗುವ ತನಕ ಕುರ್ಚಿ ಬಿಟ್ಟು ನಿಲ್ಲುವುದು ಬೇರೆ, ಅಪರಾಧಿ ಅನ್ನಿಸಿಕೊಳ್ಳುವುದು ಬೇರೆ.

ಹಾಸನದ ವಿಷಯ ನಿಮಗೆಲ್ಲ ನೆನಪಿದೆ. ಅಲ್ಲಿನ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ 2024ರ ಲೋಕಸಭಾ ಚುನಾವಣೆಗೆ ಮತ್ತೆ ನಿಂತರು. ಜೆ.ಡಿ.ಎಸ್. ಅಭ್ಯರ್ಥಿ, ಬಿ.ಜೆ.ಪಿ. ಜೊತೆ ಮೈತ್ರಿ. ಏಪ್ರಿಲ್ 26ಕ್ಕೆ ಮತದಾನ. ಅದಕ್ಕೆ ಮೊದಲೇ ಹೆಂಗಸರ ವಿಡಿಯೋ ಇದ್ದ ಪೆನ್‌ಡ್ರೈವ್‌ಗಳು ಊರೂರು ತಿರುಗಿದ್ದವು. ವೋಟು ಮುಗಿಯಿತು, ಅವರು ವಿದೇಶಕ್ಕೆ ಹೋದರು. ಪಕ್ಷ ಅವರನ್ನು ಅಮಾನತು ಮಾಡಿದ್ದು ಏಪ್ರಿಲ್ 30ಕ್ಕೆ. ಅಮಾನತು ಅಂದರೆ ಸದ್ಯಕ್ಕೆ ಹೊರಗೆ ಇಡುವುದು. ಉಚ್ಚಾಟನೆ ಅಂದರೆ ಪೂರ್ತಿ ಹೊರಗೆ ಹಾಕುವುದು. ಇವೆರಡೂ ಪಕ್ಷದ ಒಳಗಿನ ಶಿಕ್ಷೆ. ಇದರಿಂದ ಸಂಸದ ಸ್ಥಾನ ಹೋಗುವುದಿಲ್ಲ.

ಮೇ 31ಕ್ಕೆ ಅವರು ವಾಪಸ್ ಬಂದರು. ವಿಮಾನ ನಿಲ್ದಾಣದಲ್ಲೇ ಪೊಲೀಸರು ಬಂಧಿಸಿದರು. ಚುನಾವಣೆಯಲ್ಲಿ ಸೋತರು. 2025ರ ಆಗಸ್ಟಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಒಂದು ಕೇಸಿನಲ್ಲಿ ತೀರ್ಪು ಕೊಟ್ಟಿತು. ಮನೆಗೆಲಸ ಮಾಡುತ್ತಿದ್ದ ಮಹಿಳೆಯ ಮೇಲೆ ಅತ್ಯಾಚಾರ ಮಾಡಿದ್ದು ಸಾಬೀತಾಯಿತು. ಜೀವಾವಧಿ ಶಿಕ್ಷೆ ಆಯಿತು. ಅದರ ವಿರುದ್ಧ ಅವರು ಹೈಕೋರ್ಟಿಗೆ ಮೇಲ್ಮನವಿ ಹಾಕಿದರು. ಕೂಲಿ ಮಾಡುವ ಒಬ್ಬ ಹೆಂಗಸು ಅಷ್ಟು ದೊಡ್ಡ ಮನೆಯವರ ಎದುರು ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳಿದಳು. ಯೋಚನೆ ಮಾಡಿ, ಎಷ್ಟು ಧೈರ್ಯ ಬೇಕು!

ಇದರಲ್ಲಿ ಪಕ್ಷದ ಪಾಲು ಎಷ್ಟು? ಅಪರಾಧ ಮಾಡಿದವರು ಒಬ್ಬರು, ಶಿಕ್ಷೆಯೂ ಆ ಒಬ್ಬರಿಗೇ. ಟಿಕೆಟ್ ಕೊಡುವಾಗಲೇ ಪಕ್ಷಕ್ಕೆ ಎಲ್ಲ ಗೊತ್ತಿತ್ತು ಅಂತ ಕೋರ್ಟು ಹೇಳಿಲ್ಲ. ನಾವೂ ಹಾಗೆ ಹೇಳಬಾರದು. ಆದರೆ ಪಕ್ಷದ ರಾಷ್ಟ್ರೀಯ ಅಧ್ಯಕ್ಷರು ಅವರ ಅಜ್ಜ. ರಾಜ್ಯ ಅಧ್ಯಕ್ಷರು ಅವರ ಚಿಕ್ಕಪ್ಪ. ಟಿಕೆಟ್ ಕೊಡುವವರೂ ತೆಗೆದುಕೊಳ್ಳುವವರೂ ಒಂದೇ ಮನೆಯವರಾದರೆ ಡಿಗ್ರಿ ನೋಡುವವರು ಯಾರು? ಪೆನ್‌ಡ್ರೈವ್ ತಿರುಗಿದ್ದು ವೋಟಿಗೆ ಮೊದಲು, ಅಮಾನತು ಆದದ್ದು ವೋಟು ಮುಗಿದ ಮೇಲೆ. ಅದನ್ನು ಪಕ್ಷವನ್ನೇ ಕೇಳಬೇಕು. ಪಕ್ಕದಲ್ಲಿ ನಿಂತು ವೋಟು ಕೇಳಿದ ಪಕ್ಷವನ್ನೂ ಕೇಳಬೇಕು.

ಇನ್ನೂ ಒಂದು ಸಂಕಟದ ವಿಷಯ ಇದೆ. ಆ ವಿಡಿಯೋ ಹಂಚಿದವರು ಹೆಂಗಸರ ಮುಖ ಮರೆಮಾಡಲಿಲ್ಲ. ಆ ಹೆಂಗಸರು ಯಾರ ಮನೆಯವರು, ಅವರ ಬಾಳು ಏನಾದೀತು ಅಂತ ಯೋಚಿಸಲಿಲ್ಲ. ಅನ್ಯಾಯ ಬಯಲು ಮಾಡುವುದು ಬೇರೆ, ವೋಟಿಗಾಗಿ ಹೆಂಗಸರ ಮಾನವನ್ನು ಬೀದಿಗೆ ಹಾಕುವುದು ಬೇರೆ. ಅಂಥ ವಿಡಿಯೋ ನಮ್ಮ ಮೊಬೈಲಿಗೆ ಬಂದರೆ ಮುಂದಕ್ಕೆ ಕಳಿಸಬಾರದು. ಕಳಿಸುವುದೂ ಅಪರಾಧ.

‘ಅದು ಅವರ ಸ್ವಂತ ವಿಷಯ’ ಅನ್ನುವ ಮಾತಿಗೆ ಬರೋಣ. ನಮ್ಮೂರುಗಳಲ್ಲಿ ಮಗಳೊಬ್ಬಳು ಬಸ್‌ಸ್ಟ್ಯಾಂಡಿನಲ್ಲಿ ಹುಡುಗನ ಜೊತೆ ಮಾತಾಡಿದರೆ ಸಾಕು. ‘ಮನೆತನದ ಮಾನ ಹೋಯಿತು’ ಅಂತಾರೆ. ಅವಳ ತಾಯಿ, ತಂಗಿ, ಅಜ್ಜಿ ಎಲ್ಲರೂ ತಲೆ ತಗ್ಗಿಸಬೇಕು. ಅಧಿಕಾರ ಇರುವ ಗಂಡಸು ಹೆಂಗಸನ್ನು ಹಿಂಸೆ ಮಾಡಿದರೆ ಮಾತ್ರ ಅದು ಅವನ ಸ್ವಂತ ವಿಷಯ! ಇದು ಯಾವ ನ್ಯಾಯ?

ಸ್ವಂತ ವಿಷಯ ಅಂತ ಇಲ್ಲವೇ? ಇದೆ. ಒಬ್ಬರು ಗಂಡನನ್ನೋ ಹೆಂಡತಿಯನ್ನೋ ಬಿಟ್ಟರು, ಮನೆಯಲ್ಲಿ ಜಗಳ ಆಯಿತು, ದೇವರಿಗೆ ಕೈಮುಗಿಯುವುದಿಲ್ಲ, ಇಂಥದ್ದನ್ನೆಲ್ಲ ನಾವು ಕೆದಕಬೇಕಾಗಿಲ್ಲ. ಆದರೆ ಕೈಕೆಳಗೆ ಕೆಲಸ ಮಾಡುವವಳ ಮೇಲೆ, ಸಹಾಯ ಕೇಳಿ ಬಂದವಳ ಮೇಲೆ ಕೈ ಹಾಕಿದರೆ ಅದು ಸ್ವಂತ ವಿಷಯ ಆಗುವುದಿಲ್ಲ. ಬಾಯಿ ಬಿಡದಂತೆ ಹೆದರಿಸುವ ಬಲ ಅವರಿಗೆ ಎಲ್ಲಿಂದ ಬಂತು? ಕುರ್ಚಿಯಿಂದ. ಆ ಕುರ್ಚಿಗೆ ಕೂರಿಸಿದ್ದು ಪಕ್ಷ ಮತ್ತು ನಾವು.

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಈ ತೊಡಕು ಕಡಿಮೆ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ನಿಂತವರನ್ನು ನೋಡಿ ವೋಟು ಹಾಕುತ್ತೇವೆ. ವಿಧಾನಸಭೆಗೆ, ಲೋಕಸಭೆಗೆ ಹಾಗಲ್ಲ. ಚಿಹ್ನೆ ನೋಡಿ ಗುಂಡಿ ಒತ್ತುವ ಅಭ್ಯಾಸ ನಮ್ಮದು. ಓದು ಬಾರದಿದ್ದಾಗ ಚಿಹ್ನೆಯೇ ದಾರಿ ತೋರಿಸುತ್ತಿತ್ತು. ಈಗ ನೀವು ಚಿಹ್ನೆಯ ಪಕ್ಕದ ಹೆಸರನ್ನೂ ಓದುತ್ತೀರಿ.

ಓದುವುದಕ್ಕೆ ಇನ್ನೂ ಒಂದು ಇದೆ. ಚುನಾವಣೆಗೆ ನಿಂತವರು ತಮ್ಮ ಮೇಲಿನ ಕೇಸುಗಳನ್ನು ಪ್ರಮಾಣಪತ್ರದಲ್ಲಿ ಬರೆದು ಕೊಡಲೇಬೇಕು. 2020ರಲ್ಲಿ ಸುಪ್ರೀಂ ಕೋರ್ಟು ಪಕ್ಷಗಳಿಗೂ ಒಂದು ಆದೇಶ ಮಾಡಿತು. ಕ್ರಿಮಿನಲ್ ಕೇಸು ಇರುವವರಿಗೆ ಟಿಕೆಟ್ ಕೊಟ್ಟರೆ ಪಕ್ಷವೇ ಅದನ್ನು ಪ್ರಕಟಿಸಬೇಕು. ಇವರನ್ನೇ ಯಾಕೆ ಆರಿಸಿದೆವು, ಕೇಸು ಇಲ್ಲದ ಬೇರೆಯವರು ಯಾಕೆ ಸಿಗಲಿಲ್ಲ ಅಂತಲೂ ಬರೆಯಬೇಕು. ‘ಇವರು ಗೆಲ್ಲುತ್ತಾರೆ’ ಅನ್ನುವುದೊಂದೇ ಕಾರಣ ಸಾಲದು.

ಹಾಗಾಗಿ ಚೀಟಿ ಹಂಚಲು ಬಂದ ಅಕ್ಕನನ್ನು ಬೈಯಬೇಡಿ. ಅವಳೂ ನಮ್ಮಂಥವಳೇ. ಕೂರಿಸಿ, ಕಾಫಿ ಕೊಟ್ಟು, ‘ನಿಮ್ಮ ಪಕ್ಷ ಇವರಿಗೇ ಯಾಕಮ್ಮ ಟಿಕೆಟ್ ಕೊಟ್ಟಿತು? ಪೇಪರಿನಲ್ಲಿ ಏನು ಕಾರಣ ಬರೆದಿದ್ದಾರೆ?’ ಅಂತ ಕೇಳಿ. ಆ ಪ್ರಕಟಣೆ ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಬರಬೇಕು, ಅಂದರೆ ನಮ್ಮ ಕಡೆ ಕನ್ನಡದಲ್ಲಿ. ಸಾಮಾನ್ಯವಾಗಿ ಅಕ್ಷರ ಬಹಳ ಸಣ್ಣದಿರುತ್ತದೆ. ಕಿಟಕಿಯ ಬೆಳಕಿಗೆ ಹಿಡಿದುಕೊಂಡು, ಬೆರಳಿಟ್ಟು, ನಿಧಾನವಾಗಿ ಓದಿ.