ಮೊದಲ ಮಳೆಗೆ ಏಳುವ ನಮ್ಮ ಡ್ಯಾಫೋಡಿಲ್

ಹಳದಿ ಡ್ಯಾಫೋಡಿಲ್ ಗೆಡ್ಡೆ ಆನ್‌ಲೈನ್‌ನಲ್ಲಿ ತರಿಸೋಣವಾ ಅಂತ ಯಾರಾದ್ರೂ ಕೇಳಿದರೆ, ನಾನು ಬೇಡ ಅಂತೀನಿ. ಅದು ಹೂ ಬಿಡಲು ವಾರಗಟ್ಟಲೆ ಕೊರೆಯುವ ಚಳಿ ಬೇಕು. ದೇವನಹಳ್ಳಿಯ ಚಳಿ ಸಾಲದು.

ಅದರ ದಾಯಾದಿಯೊಂದು ದಕ್ಷಿಣ ಭಾರತದಲ್ಲೇ ಇದೆ: ಪ್ಯಾಂಕ್ರೇಷಿಯಂ. ಒಣಗಾಲದಲ್ಲಿ ನೆಲದಡಿ ಮಲಗಿದ್ದು, ಮೊದಲ ಮಳೆ ಬಿದ್ದಾಗ ಬಿಳಿ ಹೂ ಬಿಡುತ್ತೆ.

ಗುರುತು ಹಿಡಿಯೋದು ಸುಲಭ. ಆರು ಎಸಳು, ನಡುವೆ ಬಟ್ಟಲು. ಡ್ಯಾಫೋಡಿಲ್‌ನಲ್ಲಿ ಕೇಸರಗಳು ಬಟ್ಟಲಿನ ಒಳಗಿರುತ್ತವೆ. ಇದರಲ್ಲಿ ಬಟ್ಟಲಿನ ಅಂಚಿನಿಂದಲೇ ಏಳುತ್ತವೆ. ಪಾರ್ಕಿನ ಸ್ಪೈಡರ್ ಲಿಲಿಯೂ ಹೀಗೇ ಕಾಣುತ್ತೆ, ಆದರೆ ಅದು ಅಮೆರಿಕದ್ದು, ಬೀಜ ದಪ್ಪ, ಹಸಿರು. ನಮ್ಮದರ ಬೀಜ ಕಪ್ಪು.

ಬೆಳೆಸುವ ಆಸೆಯಾದರೆ ದಯವಿಟ್ಟು ಗೆಡ್ಡೆ ಕೀಳಬೇಡಿ. ಬಲಿತ ಕಾಯಿಯಿಂದ ನಾಲ್ಕು ಬೀಜ ಸಾಕು. ಕೆಂಪು ಮಣ್ಣಿಗೆ ಮರಳು ಬೆರೆಸಿ, ನೀರು ನಿಲ್ಲದ ಕುಂಡದಲ್ಲಿ ಬಿತ್ತಿ. ಎಲೆ ಹಳದಿಯಾದ ಮೇಲೆ ನೀರು ನಿಲ್ಲಿಸಿ. ಹೂವಿಗೆ ಕೆಲವು ವರ್ಷ ಕಾಯಬೇಕು. ಗೆಡ್ಡೆ ಈರುಳ್ಳಿಯಂತೆ ಕಂಡರೂ ವಿಷ; ಮಕ್ಕಳು, ನಾಯಿಗಳಿಂದ ದೂರವಿಡಿ.

ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಲೇಔಟ್‌ಗೆಂದು ಜೆಸಿಬಿ ಬರುವಾಗ ಹೂವಿಲ್ಲದ ನೆಲ ಎಲ್ಲರಿಗೂ ಖಾಲಿ ಜಾಗವೇ. ಹೂ ಕಂಡ ದಿನ ಫೋಟೊ, ತಾರೀಖು, ಜಾಗ ಬರೆದಿಡಿ. ಕೆಳಗೆ ಜೀವ ಇದೆ ಅಂತ ತೋರಿಸಲು ನಮ್ಮ ಕೈಲಿರುವ ಸಾಕ್ಷಿ ಅದೇ.