ಬಂಡಿಯ ದೀಪ, ಬ್ಯಾಟರಿಯ ಲೆಕ್ಕ

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು ಸಮೀಪಿಸಿದವೆಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಯ ಹಳ್ಳಿಗಳಿಂದ ಸವದತ್ತಿಯ ಎಲ್ಲಮ್ಮನ ಗುಡ್ಡದ ಕಡೆಗೆ ಬಂಡಿಗಳು ಸಾಲುಗಟ್ಟುತ್ತವೆ. ಚಕ್ಕಡಿಗಳು ಇನ್ನೂ ಉಂಟು. ಆದರೆ ಅವುಗಳ ಬಹುಪಾಲು ಜಾಗವನ್ನು ಈಗ ಟ್ರ್ಯಾಕ್ಟರ್ ಆಕ್ರಮಿಸಿಕೊಂಡಿದೆ. ಟ್ರೇಲರಿನ ಮೇಲೆ ಗಳಗಳನ್ನು ಬಾಗಿಸಿ ತಾಡಪತ್ರಿ ಹೊದಿಸಿ, ಕೆಳಗೆ ಹುಲ್ಲು, ಹುಲ್ಲಿನ ಮೇಲೆ ಜಮಖಾನೆ ಹಾಸಿದರೆ ಮುಗಿಯಿತು. ಎರಡು ಮೂರು ದಿನ ಅದೇ ಮನೆ, ಅದೇ ಉಗ್ರಾಣ, ಅದೇ ತೊಟ್ಟಿಲು ತೂಗುವ ತಾಣ. ಪಾಶ್ಚಾತ್ಯ ದೇಶಗಳಲ್ಲಿ ವಿಹಾರಕ್ಕೆಂದೇ ಕಟ್ಟಿದ, ಮಂಚ ಒಲೆಗಳುಳ್ಳ ವಾಹನಗಳಿವೆ. ಅವುಗಳ ಬೆಲೆಯಲ್ಲಿ ನಮ್ಮಲ್ಲಿ ಹೊಲವನ್ನೇ ಕೊಳ್ಳಬಹುದು. ಆದರೆ ಕತ್ತಲಾದೊಡನೆ ಅವರಿಗೂ ನಮಗೂ ಎದುರಾಗುವ ಪ್ರಶ್ನೆ ಒಂದೇ. ಎಂಜಿನ್ ನಿಂತ ಮೇಲೆ ದೀಪಕ್ಕೆ ಬ್ಯಾಟರಿಯೊಂದೇ ಗತಿ. ಬೆಳಗಾದರೆ ಎಂಜಿನ್ನನ್ನು ಎಬ್ಬಿಸಬೇಕಾದದ್ದೂ ಅದೇ ಬ್ಯಾಟರಿ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಬಂಡಿಗೆ ಹುಡುಗರು ಆರು ಎಲ್‌ಇಡಿ ದೀಪಗಳನ್ನು ಕಟ್ಟಿದ್ದರು. ಒಂದೊಂದು 18 ವ್ಯಾಟಿನದು. ನಾನು ಹುಬ್ಬು ಗಂಟಿಕ್ಕಿದಾಗ, "ಎಲ್‌ಇಡಿ ಕರೆಂಟ್ ತಿನ್ನೂದಿಲ್ರೀ ಕಾಕಾ" ಎಂಬ ಉತ್ತರ ಬಂತು. ರಾತ್ರಿ ಎಂಟಕ್ಕೆ ಹೊತ್ತಿದ ದೀಪಗಳು ನಸುಕಿನ ಐದರವರೆಗೂ ಉರಿದವು. ಬಂಡಿಯಲ್ಲಿ ಜ್ವರ ಬಂದ ಒಂದು ಮಗುವಿತ್ತು. ಬೇಗನೆ ಊರು ಸೇರೋಣವೆಂದು ಎಲ್ಲರೂ ಎದ್ದು ಕುಳಿತೆವು. ಕೀಲಿ ತಿರುಗಿಸಿದರೆ 'ಟಿಕ್' ಎಂಬ ಸದ್ದಿನ ಹೊರತು ಬೇರೇನೂ ಕೇಳಲಿಲ್ಲ. ಪಕ್ಕದ ಊರಿನವರೊಬ್ಬರು ತಮ್ಮ ಬ್ಯಾಟರಿಯಿಂದ ತಂತಿ ಜೋಡಿಸಿ ಎಂಜಿನ್ ಎಬ್ಬಿಸಿಕೊಡುವ ಹೊತ್ತಿಗೆ ಬಿಸಿಲು ಏರಿತ್ತು.

ಆಮೇಲೆ ಕುಳಿತು ಲೆಕ್ಕ ಹಾಕಿದೆ. ಆರು ದೀಪಕ್ಕೆ 108 ವ್ಯಾಟ್. 12 ವೋಲ್ಟಿನ ಬ್ಯಾಟರಿಯಿಂದ ಇದಕ್ಕೆ 9 ಆಂಪಿಯರ್ ಹರಿಯಬೇಕು. ಒಂಬತ್ತು ಗಂಟೆಗೆ 81 ಆಂಪಿಯರ್-ಗಂಟೆ. ನಮ್ಮ ಬ್ಯಾಟರಿಯ ಶಕ್ತಿ, ಅದೂ ಹೊಸದಾಗಿದ್ದಾಗ, 80. ಹುಡುಗರು ಹೇಳಿದ್ದು ಪೂರ್ತಿ ಸುಳ್ಳೇನೂ ಅಲ್ಲ. ಎಲ್‌ಇಡಿ ಮಿತವ್ಯಯಿ ಹೌದು, ಉಪವಾಸಿಯಲ್ಲ.

ಈ ತಪ್ಪಿನ ಬೇರು ನಮ್ಮ ಮಾತಿನ ರೂಢಿಯಲ್ಲಿಯೇ ಇದೆ. 'ಅರವತ್ತರ ಬಲ್ಬು', 'ನೂರರ ಬಲ್ಬು' ಎಂದು ಬೆಳಕನ್ನು ನಾವು ವ್ಯಾಟಿನಿಂದಲೇ ಕರೆಯುತ್ತ ಬಂದವರು. ವ್ಯಾಟು ಬೆಳಕಿನ ಅಳತೆಯಲ್ಲ, ದೀಪವು ತಿನ್ನುವುದರ ಅಳತೆ. ದೀಪವು ಕೊಡುವುದನ್ನು ಅಳೆಯುವ ಮಾನ ಲ್ಯೂಮೆನ್. ಒಂದು ಮೇಣದ ಬತ್ತಿಯ ಬೆಳಕು ಸುಮಾರು 12 ಲ್ಯೂಮೆನ್ ಎಂದುಕೊಂಡರೆ ಅಂದಾಜು ಸಿಗುತ್ತದೆ. ವಾಹನಗಳ 21 ವ್ಯಾಟಿನ ಹಳೆಯ ತಂತುಬಲ್ಬು 460 ಲ್ಯೂಮೆನ್ ಕೊಡಬೇಕೆಂಬುದು ಅಂತರರಾಷ್ಟ್ರೀಯ ಮಟ್ಟ. ಅಷ್ಟೇ ಬೆಳಕಿಗೆ ಸಾಧಾರಣವಾದ ಒಳ್ಳೆಯ ಎಲ್‌ಇಡಿಗೆ 5 ವ್ಯಾಟ್ ಸಾಕು. ತಂತುಬಲ್ಬಿನಲ್ಲಿ ಟಂಗ್‌ಸ್ಟನ್ ಎಳೆ ಕಾದು ಕೆಂಡವಾಗಿ ಬೆಳಗುತ್ತದೆ, ಹೆಚ್ಚಿನ ಪಾಲು ಬಿಸಿಯಾಗಿ ಹೋಗುತ್ತದೆ. ಎಲ್‌ಇಡಿಯಲ್ಲಿ ಕಾಯಿಸುವ ಮಧ್ಯಸ್ಥಿಕೆ ಇಲ್ಲ. ಅರೆವಾಹಕದ ಹರಳಿನಲ್ಲಿ ವಿದ್ಯುತ್ತು ನೇರವಾಗಿ ಬೆಳಕಾಗುತ್ತದೆ. 1962ರಲ್ಲಿಯೇ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿಯನ್ನು ತೋರಿಸಿದ್ದರೂ, ಬಿಳಿ ಬೆಳಕು ಪ್ರಖರವಾದ ನೀಲಿ ಎಲ್‌ಇಡಿಗಾಗಿ ಕಾಯಬೇಕಾಯಿತು. ಆ ನೀಲಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಬಂತು. ಮರುವರ್ಷ 'ಹೊಸ ಬೆಳಕು' ಯೋಜನೆಯ 9 ವ್ಯಾಟಿನ ಬಲ್ಬು ನಮ್ಮ ರಾಜ್ಯದ ಮನೆಗಳನ್ನು ಪ್ರವೇಶಿಸಿತು.

ಹಾಗಾದರೆ ನಮ್ಮ ಬಂಡಿಯಲ್ಲಿ ನಡೆದದ್ದೇನು? ವ್ಯಾಟಿಗೆ 80 ಲ್ಯೂಮೆನ್ ಎಂದು ಕಡಿಮೆಯೇ ಹಿಡಿದರೂ ಆರು ದೀಪಗಳು ಎಂಟು ಸಾವಿರಕ್ಕೂ ಮಿಕ್ಕಿ ಲ್ಯೂಮೆನ್ ಸುರಿಸುತ್ತಿದ್ದವು. ಹದಿನೆಂಟು ಹಳೆಯ ಬಲ್ಬುಗಳ ಬೆಳಕು ಅದು! ಹಿಂದೆ ಯಾರಾದರೂ ಒಂದು ಬಂಡಿಗೆ ಹದಿನೆಂಟು ಬಲ್ಬು ಕಟ್ಟುವುದುಂಟೆ? ಉಳಿತಾಯವನ್ನೆಲ್ಲ ಬೆಳಕಾಗಿಯೇ ಖರ್ಚು ಮಾಡಿದ್ದೆವು.

ಬಂಡಿಗೆ ನಿಜವಾಗಿ ಬೇಕಾದದ್ದು ಎಷ್ಟು? ಒಂದು ಚದರ ಮೀಟರಿನ ಮೇಲೆ ಬೀಳುವ ಒಂದು ಲ್ಯೂಮೆನ್ನಿಗೆ ಲಕ್ಸ್ ಎನ್ನುತ್ತಾರೆ. ಟ್ರೇಲರಿನ ತಳ ಐದಾರು ಚದರ ಮೀಟರು. 5 ವ್ಯಾಟಿನ ಒಂದೇ ಎಲ್‌ಇಡಿಯ ಬೆಳಕಿನಲ್ಲಿ ಅರ್ಧ ವ್ಯರ್ಥವಾದರೂ 40 ಲಕ್ಸ್ ಉಳಿಯುತ್ತದೆ. ರೊಟ್ಟಿ ಬಿಚ್ಚಿ ಉಣ್ಣಲು, ಮಗುವಿನ ಮುಖ ನೋಡಲು ಅದು ಧಾರಾಳ. ಅಂಥ ನಾಲ್ಕು ದೀಪ ಹಚ್ಚಿದರೂ 20 ವ್ಯಾಟ್. ಅರ್ಧ ಬ್ಯಾಟರಿಯಲ್ಲಿ ಒಂದು ಹಗಲು ಒಂದು ರಾತ್ರಿ ನಡೆಯುತ್ತದೆ. ಇನ್ನರ್ಧವನ್ನು ಮುಟ್ಟಬಾರದು, ಅದು ಎಂಜಿನ್ನಿನ ಪಾಲು. ತಾಡಪತ್ರಿಯ ಒಳಬದಿಗೆ ಒಂದು ಬಿಳಿಯ ಧೋತರ ಕಟ್ಟಿ ನೋಡಿರಿ. ನೀಲಿ, ಕಪ್ಪು ತಾಡಪತ್ರಿ ನುಂಗುತ್ತಿದ್ದ ಬೆಳಕನ್ನು ಅದು ಮರಳಿ ಕೊಡುತ್ತದೆ.

ಹಳೆಯ ಬಲ್ಬಿಗೆ ಒಂದು ಗುಣವಿತ್ತು, ಅದನ್ನು ಮರೆಯಬಾರದು. ಬ್ಯಾಟರಿ ಸೋಲುತ್ತ ಬಂದಂತೆ ಅದು ಹಳದಿಯಾಗಿ, ಕೆಂಪಾಗಿ ಮಂಕಾಗುತ್ತಿತ್ತು. ಹಿರಿಯರು ನೋಡಿ "ಆರಸ್ರಪಾ" ಎನ್ನುತ್ತಿದ್ದರು. ವಿದ್ಯುತ್ ನಿಯಂತ್ರಕವುಳ್ಳ ಎಲ್‌ಇಡಿ ಹಾಗಲ್ಲ, ಬಹುತೇಕ ಕೊನೆಯವರೆಗೂ ಒಂದೇ ಸಮನೆ ಬೆಳಗುತ್ತದೆ. ನಿಯಂತ್ರಕವಿಲ್ಲದ ಅಗ್ಗದ ಸರಗಳ ಕಷ್ಟ ಬೇರೆ. ಅವುಗಳಲ್ಲಿ ಮೂರು ಮೂರು ಎಲ್‌ಇಡಿಗಳ ಜೊತೆಗೆ ಒಂದು ರೋಧಕ ಇರುತ್ತದೆ. ಮೂರಕ್ಕೆ 9 ವೋಲ್ಟ್ ಹೋಗಿ ಉಳಿದ 3 ವೋಲ್ಟ್ ರೋಧಕದಲ್ಲಿ ಬಿಸಿಯಾಗಿ ಕಳೆಯುತ್ತದೆ. ಎಂಜಿನ್ ಓಡುವಾಗ ವೋಲ್ಟೇಜು 14 ದಾಟುವುದರಿಂದ ಪ್ರವಾಹ ಒಂದೂವರೆ ಪಟ್ಟಿಗೆ ಏರುತ್ತದೆ. ಜಾತ್ರೆಗೆ ಹೋಗುವಾಗ ಝಗಝಗಿಸಿದ ಸರ ಬರುವಾಗ ಅರ್ಧ ಸತ್ತಿರುವುದು ಇದರಿಂದಲೇ.

ಇಷ್ಟು ಹೊತ್ತು ಒಳಗಿನ ಬೆಳಕಿನ ಮಾತಾಯಿತು. ಹೊರಗಿನದು ನನಗೆ ಹೆಚ್ಚು ಚಿಂತೆಯ ವಿಷಯ. ಹುಣ್ಣಿಮೆಯ ಬೆಳಕು ಕಾಲು ಲಕ್ಸಿನಷ್ಟು, ಹಲವು ಸಲ ಅದಕ್ಕೂ ಕಡಿಮೆ. ನಮ್ಮ ಹಿರಿಯರು ಅಷ್ಟರಲ್ಲಿಯೇ ಇಡೀ ರಾತ್ರಿ ಬಂಡಿ ಹೊಡೆದರು. ಕತ್ತಲಿಗೆ ಒಗ್ಗಲು ಕಣ್ಣಿಗೆ ಅರ್ಧ ಗಂಟೆಯ ಅವಕಾಶ ಸಿಕ್ಕರೆ ಅಷ್ಟೇ ಸಾಕಾಗುತ್ತಿತ್ತು. ಎದುರಿನ ಟ್ರ್ಯಾಕ್ಟರಿನ ತಲೆಯ ಮೇಲಿನ ಎಲ್‌ಇಡಿ ಪಟ್ಟಿ ಆ ಅರ್ಧ ಗಂಟೆಯ ಗಳಿಕೆಯನ್ನು ಒಂದು ಕ್ಷಣದಲ್ಲಿ ಕಸಿದುಕೊಳ್ಳುತ್ತದೆ. ಎರೆಭೂಮಿ ಮೊದಲೇ ಕಪ್ಪು. ಬಿದ್ದ ಬೆಳಕನ್ನು ಹಿಂದಿರುಗಿಸುವುದಿಲ್ಲ. ರಸ್ತೆಯ ಅಂಚು ಎಲ್ಲಿ, ಮುಂದೆ ಹೋಗುತ್ತಿರುವ ಚಕ್ಕಡಿ ಎಲ್ಲಿ, ಒಂದೂ ತಿಳಿಯದು. ಹೊಲದ ಕೆಲಸಕ್ಕೆಂದು ಮಾಡಿದ ಆ ಪಟ್ಟಿಯನ್ನು ರಸ್ತೆಗೆ ಬಂದಾಗ ಆರಿಸಬೇಕೆಂದು ನಮ್ಮ ಹುಡುಗರಿಗೆ ಪ್ರತಿ ವರ್ಷ ಹೇಳುತ್ತೇನೆ. ಅರ್ಧ ಜನ ಕೇಳುತ್ತಾರೆ.

ಈಗ ನಮ್ಮ ಬಂಡಿಯೊಳಗೆ ಒಂದೇ ದೀಪ, 5 ವ್ಯಾಟಿನದು, ಹಳದಿಯ ಛಾಯೆಯದು. ಅದಕ್ಕೆ ಹುಳಗಳೂ ಕಡಿಮೆ ಮುತ್ತುತ್ತವೆ. ಹಿಂದೆ ಒಂದು ವ್ಯಾಟಿನ ಕೆಂಪು ಎಲ್‌ಇಡಿ ಇಡೀ ರಾತ್ರಿ ಉರಿಯುತ್ತದೆ, ಹನ್ನೆರಡು ಗಂಟೆಗೆ ಅದು ತಿನ್ನುವುದು ಒಂದೇ ಆಂಪಿಯರ್-ಗಂಟೆ. ಬ್ಯಾಟರಿಯಿಲ್ಲದ ನಮ್ಮ ಚಕ್ಕಡಿಯ ಹಿಂಬದಿಗೆ, ಎತ್ತುಗಳ ಕೋಡಿಗೆ ಬೆಳಕು ಮರಳಿಸುವ ಕೆಂಪು ಪಟ್ಟಿ ಅಂಟಿಸಿದ್ದೇವೆ.