ಅಂಗಳ ಬಿಟ್ಟ ಆಟಗಾರರ ಇಳಿವಯಸ್ಸು

ಶಾಲೆ ಕಾಲೇಜುಗಳಲ್ಲಿ ಕಬಡ್ಡಿ, ವಾಲಿಬಾಲ್, ಹಾಕಿ ಅಥವಾ ಓಟದಲ್ಲಿ ಹೆಸರು ಮಾಡಿ, ನೌಕರಿ ಮತ್ತು ಸಂಸಾರದ ಹೊಣೆ ಹೆಗಲೇರಿದ ಮೇಲೆ ಅಂಗಳದ ಕಡೆ ತಲೆ ಹಾಕದೆ ಉಳಿದ ಅನೇಕರಲ್ಲಿ, ಹರೆಯದಲ್ಲಿ ಕಟ್ಟಿದ ಮೈ ಮುಪ್ಪಿನವರೆಗೂ ಕಾಯುತ್ತದೆ ಎಂಬ ನಂಬಿಕೆ ಬೇರೂರಿರುತ್ತದೆ. ವೈದ್ಯವಿಜ್ಞಾನ ಈ ನಂಬಿಕೆಯನ್ನು ಬೆಂಬಲಿಸುವುದಿಲ್ಲ. ಅಮೆರಿಕದ ರಾಲ್ಫ್ ಪ್ಯಾಫನ್‌ಬಾರ್ಗರ್ ಮತ್ತು ಅವರ ಸಂಗಡಿಗರು ಹಾರ್ವರ್ಡ್ ವಿಶ್ವವಿದ್ಯಾಲಯದ ಸುಮಾರು 17 ಸಾವಿರ ಹಳೆಯ ವಿದ್ಯಾರ್ಥಿಗಳ ಜೀವನಕ್ರಮವನ್ನೂ ಆರೋಗ್ಯವನ್ನೂ ವರ್ಷಗಟ್ಟಲೆ ಗಮನಿಸಿ 1978ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾಲೇಜು ತಂಡಗಳಲ್ಲಿ ಆಡಿದ್ದವರು ಮುಂದೆ ದೈಹಿಕ ಚಟುವಟಿಕೆಯನ್ನು ಕೈಬಿಟ್ಟಿದ್ದರೆ ಹಳೆಯ ಆಟ ಅವರನ್ನು ಹೃದಯಾಘಾತದಿಂದ ಕಾಪಾಡಲಿಲ್ಲ. ಆದರೆ ಹರೆಯದಲ್ಲಿ ಆಟದ ಗೊಡವೆಗೇ ಹೋಗದೆ ಆಮೇಲೆ ಚಟುವಟಿಕೆಯನ್ನು ರೂಢಿಸಿಕೊಂಡವರಲ್ಲೂ ಆ ಅಪಾಯ ಕಡಿಮೆಯಿತ್ತು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಹಣದಷ್ಟೇ ದೇಹಬಲಕ್ಕೂ ಸಲ್ಲುತ್ತದೆ.

ಕೂತು ಕಳೆದುಕೊಂಡದ್ದನ್ನು ಮರಳಿ ಗಳಿಸಬಹುದೇ ಎಂಬ ಪ್ರಶ್ನೆಗೆ ಅಮೆರಿಕದ ಡಲ್ಲಾಸ್ ನಗರದಲ್ಲಿ ನಡೆದ ಒಂದು ಅಪರೂಪದ ಪ್ರಯೋಗ ಉತ್ತರ ಕೊಡುತ್ತದೆ. 1966ರಲ್ಲಿ ಅಲ್ಲಿ ಇಪ್ಪತ್ತರ ಆಸುಪಾಸಿನ 5 ಮಂದಿ ಆರೋಗ್ಯವಂತ ಯುವಕರನ್ನು 3 ವಾರ ಹಾಸಿಗೆಯಲ್ಲೇ ಮಲಗಿಸಿ, ಅವರ ಆಮ್ಲಜನಕ ಬಳಕೆಯ ಗರಿಷ್ಠ ಸಾಮರ್ಥ್ಯವನ್ನು, ಎಂದರೆ ಕಠಿಣ ಶ್ರಮದ ವೇಳೆ ದೇಹವು ಒಂದು ನಿಮಿಷದಲ್ಲಿ ಬಳಸಿಕೊಳ್ಳಬಲ್ಲ ಆಮ್ಲಜನಕದ ಪ್ರಮಾಣವನ್ನು ಅಳೆಯಲಾಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷಗಳ ವಯಸ್ಸು ತಂದ ನಷ್ಟಕ್ಕಿಂತ ಅಂದಿನ 3 ವಾರಗಳ ಮಲಗುವಿಕೆ ತಂದ ನಷ್ಟವೇ ಹೆಚ್ಚಾಗಿತ್ತೆಂದು ತಿಳಿದುಬಂತು. ಬಳಿಕ ಅವರು ನಡಿಗೆ, ನಿಧಾನ ಓಟ ಮತ್ತು ಸೈಕಲ್ ತುಳಿತವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ 6 ತಿಂಗಳು ಅಭ್ಯಾಸ ಮಾಡಿದಾಗ, ಐವತ್ತು ದಾಟಿದ ಆ ದೇಹಗಳು ಇಪ್ಪತ್ತರ ಹರೆಯದಲ್ಲಿ ಹಾಸಿಗೆ ಹಿಡಿಯುವ ಮುಂಚಿದ್ದ ಸಾಮರ್ಥ್ಯದ ಮಟ್ಟಕ್ಕೆ ಮರಳಿದವು. ಐವರ ಪ್ರಯೋಗದಿಂದ ಎಲ್ಲರಿಗೂ ಅನ್ವಯಿಸುವ ಲೆಕ್ಕ ಹಾಕಲಾಗದು. ಆದರೂ ವಯಸ್ಸಿನ ತಲೆಗೆ ಕಟ್ಟುವ ದೌರ್ಬಲ್ಯದಲ್ಲಿ ಎಷ್ಟೋ ಪಾಲು ಜಡತೆಯದ್ದೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗಗಳು ವಿರಳ.

ಹೃದಯ ಮತ್ತು ಉಸಿರಿನ ಮಾತು ಹೀಗಾದರೆ, ಸ್ನಾಯುಗಳ ವಿಷಯದಲ್ಲಿ ನಮ್ಮಲ್ಲಿ ಇನ್ನೂ ಹೆಚ್ಚಿನ ಉಪೇಕ್ಷೆಯಿದೆ. ವಯಸ್ಸಾದಂತೆ ಸ್ನಾಯುಗಳ ಗಾತ್ರವೂ ಬಲವೂ ಕುಗ್ಗುವ ಸ್ಥಿತಿಯನ್ನು ವೈದ್ಯರು ಸಾರ್ಕೋಪೀನಿಯ ಎನ್ನುತ್ತಾರೆ. ಈ ಕುಗ್ಗುವಿಕೆ ಮುಖ್ಯವಾಗಿ ಬಾಧಿಸುವುದು ವೇಗದ ಎಳೆಗಳನ್ನು, ಅಂದರೆ ಕಬಡ್ಡಿಯಲ್ಲಿ ರೈಡಿಗೆ ಹೋದವನು ಸರಕ್ಕನೆ ಹಿಂದೆ ಸರಿಯಲು, ಜಾರಿದ ಕಾಲನ್ನು ತಕ್ಷಣ ಊರಿ ನಿಲ್ಲಲು ನೆರವಾಗುವ ಎಳೆಗಳನ್ನು. ಬಚ್ಚಲುಮನೆಯಲ್ಲಿ ಕಾಲು ಜಾರಿದ ಹಿರಿಯರು ಸಾವರಿಸಿಕೊಳ್ಳಲಾಗದೆ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದರ ಹಿಂದೆ ಈ ಎಳೆಗಳ ಕ್ಷಯವೂ ಒಂದು ಕಾರಣ. ಬೆಳಗಿನ ವಾಕಿಂಗ್ ಒಂದರಿಂದಲೇ ಇದು ನಿಲ್ಲುವುದಿಲ್ಲ. ಸ್ನಾಯುಗಳಿಗೆ ಭಾರ ಬೇಕು. 1990ರಲ್ಲಿ ಮರಿಯಾ ಫಿಯಟರೋನ್ ಮತ್ತು ಸಂಗಡಿಗರು ಬಾಸ್ಟನ್ನಿನ ಒಂದು ಹಿರಿಯರ ಆರೈಕೆ ಕೇಂದ್ರದಲ್ಲಿದ್ದ, ತೊಂಬತ್ತರ ಆಸುಪಾಸಿನ 10 ಮಂದಿ ದುರ್ಬಲ ವೃದ್ಧರಿಂದ 8 ವಾರ ಕಾಲುಗಳಿಗೆ ಭಾರ ಎತ್ತುವ ವ್ಯಾಯಾಮ ಮಾಡಿಸಿದಾಗ, ಅಭ್ಯಾಸವನ್ನು ಪೂರ್ತಿ ಮುಗಿಸಿದವರ ತೊಡೆಬಲ ಸರಾಸರಿ ಎರಡೂವರೆ ಪಟ್ಟಿಗೂ ಮೀರಿ ಹೆಚ್ಚಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆಯ ಜೊತೆಗೆ, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮವನ್ನೂ, ಹಿರಿಯರಿಗೆ ಮೂರು ದಿನ ಸಮತೋಲನ ಕಾಯುವ ವ್ಯಾಯಾಮವನ್ನೂ ಹೇಳುತ್ತದೆ.

ಹಳೆಯ ಆಟಗಾರರಿಗೆ ಇರುವ ಅನುಕೂಲವೇ ಅವರಿಗೊಂದು ಅಪಾಯವೂ ಆಗುತ್ತದೆ. ಚೆಂಡಿನ ಜಾಡು ಹಿಡಿಯುವ ಕಣ್ಣು, ಹೆಜ್ಜೆಯ ಲಯ, ಬೆವರಿಗೆ ಅಂಜದ ಮನಸ್ಸು ಇವೆಲ್ಲ ದಶಕಗಳ ನಂತರವೂ ಬಹುಮಟ್ಟಿಗೆ ಉಳಿದಿರುತ್ತವೆ. ಆದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳು ಆ ವೇಳೆಗೆ ಬಿರುಸಾಗಿರುತ್ತವೆ, ಹಳೆಯ ಮಂಡಿನೋವು ಒಳಗೇ ಕೂತಿರುತ್ತದೆ, ರಕ್ತದೊತ್ತಡವೂ ಸಕ್ಕರೆಯೂ ಏರಿರುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಇಪ್ಪತ್ತೈದು ವರ್ಷಗಳ ಬಳಿಕ ಷಟಲ್ ಅಂಗಳಕ್ಕೆ ಇಳಿದವರು ಮೊದಲ ವಾರವೇ ಹಳೆಯ ವೇಗದಲ್ಲಿ ಆಡಲು ಹೋಗಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಳ್ಳುವುದು ಮೂಳೆವೈದ್ಯರಿಗೆ ಹೊಸದಲ್ಲ. ಆದ್ದರಿಂದ ಬಹುಕಾಲ ಬಿಟ್ಟು ಮರಳುವವರು ಮೊದಲು ವೈದ್ಯರಿಂದ ಹೃದಯ, ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಮಾಡಿಸಿಕೊಂಡು, ಮಾತಾಡಲು ಉಸಿರು ಸಾಲುವಷ್ಟು ವೇಗದಿಂದ ಆರಂಭಿಸುವುದು ಕ್ಷೇಮ. ಎದೆ ಬಿಗಿತ, ತಲೆಸುತ್ತು ಅಥವಾ ಎಂದೂ ಇಲ್ಲದ ಏದುಸಿರು ಬಂದರೆ ಆಟವನ್ನು ಆ ಕ್ಷಣವೇ ನಿಲ್ಲಿಸಬೇಕು. ಅಲ್ಲಿ ಆಟಗಾರನ ಛಲಕ್ಕೆ ಎಡೆಯಿಲ್ಲ.

ವಯಸ್ಸಿಗೆ ತಕ್ಕಂತೆ ಆಟವನ್ನು ತಗ್ಗಿಸಿಕೊಳ್ಳುವುದರಲ್ಲಿ ಅವಮಾನವಿಲ್ಲ ಎಂಬುದನ್ನು ಮಾಸ್ಟರ್ಸ್ ಅಥ್ಲೆಟಿಕ್ಸ್‌ನ, ಅಂದರೆ 35 ದಾಟಿದವರಿಗಾಗಿ ಐದೈದು ವರ್ಷಗಳ ವಿಭಾಗ ಮಾಡಿ ನಡೆಸುವ ಸ್ಪರ್ಧೆಗಳ, ನಿಯಮಗಳೇ ಒಪ್ಪಿಕೊಂಡಿವೆ. ಗುಂಡು ಎಸೆತದಲ್ಲಿ ಯುವಕರಿಗೆ 7.26 ಕಿಲೋ ಇರುವ ಗುಂಡು ಐವತ್ತಕ್ಕೆ 6, ಅರವತ್ತಕ್ಕೆ 5, ಎಪ್ಪತ್ತಕ್ಕೆ 4, ಎಂಬತ್ತಕ್ಕೆ 3 ಕಿಲೋಗೆ ಇಳಿಯುತ್ತದೆ. ಹರೆಯದಲ್ಲಿ ಇಂಗ್ಲೆಂಡಿನಲ್ಲಿ ಓಟಗಾರನಾಗಿದ್ದು, ಎಂಜಿನಿಯರ್ ಆಗಿ ಕೆನಡಾಕ್ಕೆ ಹೋದ ಮೇಲೆ ವರ್ಷಗಟ್ಟಲೆ ಓಟ ಬಿಟ್ಟಿದ್ದ ಎಡ್ ವಿಟ್ಲಾಕ್ ನಲವತ್ತರ ಹರೆಯದಲ್ಲಿ ಮರಳಿ, ಮನೆಯ ಹತ್ತಿರದ ಸ್ಮಶಾನದ ಹಾದಿಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಓಡುತ್ತ ಅಭ್ಯಾಸ ಮಾಡಿ, 2004ರಲ್ಲಿ ತಮ್ಮ 73ನೆಯ ವಯಸ್ಸಿನಲ್ಲಿ ಟೊರೊಂಟೊ ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡುಗಳಲ್ಲಿ ಮುಗಿಸಿದರು. ಅವರಂತೆ ಓಡಬೇಕೆಂದು ಯಾರೂ ಹಂಬಲಿಸಬೇಕಿಲ್ಲ. ದೀರ್ಘಕಾಲ ಬಿಟ್ಟವರೂ ಮರಳಬಹುದು ಎಂಬುದಕ್ಕೆ ಅವರ ಬದುಕು ಸಾಕ್ಷಿ.

ಹಿರಿಯರು ಹೀಗೆ ಅಂಗಳಕ್ಕೆ ಮರಳಲು ಕರ್ನಾಟಕದಲ್ಲಿ ಕೊಡಗು ಒಳ್ಳೆಯ ದಾರಿ ತೋರಿದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಹಾಕಿ ಉತ್ಸವದಲ್ಲಿ ತಂಡ ಕಟ್ಟುವುದು ಒಕ್ಕ, ಅಂದರೆ ಮನೆತನ. ಆದ್ದರಿಂದ ಒಂದೇ ತಂಡದಲ್ಲಿ ಮೊಮ್ಮಕ್ಕಳ ಜೊತೆ ಅಜ್ಜಂದಿರೂ, ಹೆಣ್ಣುಮಕ್ಕಳೂ ಸ್ಟಿಕ್ ಹಿಡಿದು ಇಳಿಯುತ್ತಾರೆ. ಒಂಟಿ ವ್ಯಾಯಾಮಕ್ಕಿಂತ ಬಳಗದ ಆಟ ಹೆಚ್ಚು ಕಾಲ ಬಾಳುವುದಕ್ಕೆ ಕಾರಣ ಹುಡುಕಬೇಕಿಲ್ಲ: ಬಾರದಿದ್ದರೆ ಕೇಳುವವರಿರುತ್ತಾರೆ. ಉಳಿದ ಜಿಲ್ಲೆಗಳ ಕ್ರೀಡಾ ಸಂಘಗಳೂ ತಮ್ಮ ವಾರ್ಷಿಕ ಪಂದ್ಯಾವಳಿಗಳಲ್ಲಿ ಐವತ್ತು ಮತ್ತು ಅರವತ್ತು ದಾಟಿದವರಿಗೆ, ಗಂಡಸರಿಗೂ ಹೆಂಗಸರಿಗೂ, ಸಣ್ಣ ಅಂಗಳದ, ಕಡಿಮೆ ಅವಧಿಯ ವಿಭಾಗಗಳನ್ನು ಸೇರಿಸಬೇಕು. ತಾಲ್ಲೂಕು ಕ್ರೀಡಾಂಗಣಗಳ ಆಡಳಿತವು ದಿನಕ್ಕೊಂದು ಗಂಟೆಯನ್ನಾದರೂ ಈ ಹಿರಿಯ ಆಟಗಾರರಿಗಾಗಿ ಕಾದಿರಿಸಬೇಕು.